ಪಿಕಪ್ ತಗ್ಗಿಸಿ ದೊಡ್ಡ ಚಕ್ರ ಹಾಕಿಸುವ ಮೊದಲು

ಕುಮಟಾದಲ್ಲಿ ಹೆದ್ದಾರಿ ಬದಿಗೆ ನನ್ನ ವೀಲ್ ಅಲೈನ್‌ಮೆಂಟ್ ಅಂಗಡಿ. ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಪಿಕಪ್ ಇಟ್ಟುಕೊಂಡ ಹುಡುಗರು ಕಾರವಾರದಿಂದಲೂ ಬರುತ್ತಾರೆ, ಶಿರಸಿಯಿಂದಲೂ ಬರುತ್ತಾರೆ. ಹೆಚ್ಚಿನವರು ಮೊದಲು ಇಪ್ಪತ್ತು ಇಂಚಿನ ಅಲಾಯ್ ಚಕ್ರ ಕೊಂಡುಬಿಡುತ್ತಾರೆ, ಗಾಡಿ ಎಷ್ಟು ತಗ್ಗಿಸಬೇಕು ಅಂತ ಆಮೇಲೆ ಕೇಳುತ್ತಾರೆ. ಕೆಲಸ ಉಲ್ಟಾ ಆಗುವುದು ಇಲ್ಲೇ. ಎಷ್ಟು ತಗ್ಗಿಸಬಹುದು ಅನ್ನುವುದನ್ನು ನೀವು ಓಡಾಡುವ ರಸ್ತೆ ಮತ್ತು ಗಾಡಿಯ ಹಿಂದಿನ ಆ್ಯಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ತೀರ್ಮಾನಿಸಬೇಕು. ಅದು ಗೊತ್ತಾದ ಮೇಲೆಯೇ ಚಕ್ರದ ಮಾತು.

ತಗ್ಗಿಸುವ ಆಸೆ ತಪ್ಪೇನಲ್ಲ. 204 ಪಿಎಸ್ ಶಕ್ತಿ, ಆಟೋಮ್ಯಾಟಿಕ್‌ನಲ್ಲಿ 500 ಎನ್ಎಂ ಟಾರ್ಕ್ ಇರುವ ಹೈಲಕ್ಸ್ ಚತುಷ್ಪಥದಲ್ಲಿ ಹಾರಿಕೊಂಡು ಹೋಗುತ್ತದೆ, ಆದರೆ ತಿರುವಿನಲ್ಲಿ ಅದರ ಎತ್ತರದ ಮೈ ವಾಲುತ್ತದೆ. ಭಾರ ನೆಲಕ್ಕೆ ಹತ್ತಿರವಾದಷ್ಟೂ ಆ ವಾಲುವಿಕೆ ಕಡಿಮೆ. ಅಮೆರಿಕದಲ್ಲಿ ಡಾಡ್ಜ್ ಕಂಪನಿ 2004ರಿಂದ 2006ರವರೆಗೆ ಮಾರಿದ ರ‍್ಯಾಮ್ ಎಸ್ಆರ್‌ಟಿ-10 ಕಾರ್ಖಾನೆಯಿಂದಲೇ ತಗ್ಗಿಸಿದ ಸಸ್ಪೆನ್ಷನ್, 22 ಇಂಚಿನ ಚಕ್ರ, ವೈಪರ್ ಕಾರಿನ ವಿ-10 ಎಂಜಿನ್ ಹೊತ್ತು ಬಂದಿತ್ತು. ಫೋಟೋದಲ್ಲಿ ಅದನ್ನು ನೋಡಿ ಹಾಗೇ ಮಾಡಿಕೊಡಿ ಅನ್ನುವವರಿಗೆ ನಾನು ಹೇಳುವುದು: ಅದು ನುಣುಪು ಡಾಂಬರಿಗೆ ಕಟ್ಟಿದ ಗಾಡಿ, ನಿಮ್ಮದು ತೋಟದ ಮಣ್ಣುದಾರಿ ಹತ್ತಬೇಕಾದ ಗಾಡಿ.

ಟೇಪು ಹಿಡಿದು ಶುರುಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಆಮೇಲೆ ನೀವು ದಿನಾ ಹೇರುವಷ್ಟೇ ಲೋಡು ಹಾಕಿ ಮತ್ತೆ ಅಳೆಯಿರಿ. ಹಿಂದಿನ ಆ್ಯಕ್ಸಲ್‌ಗೂ ಮೇಲಿನ ಬಂಪ್ ಸ್ಟಾಪ್ ರಬ್ಬರಿಗೂ ನಡುವೆ ಎಷ್ಟು ಜಾಗ ಉಳಿಯಿತು ಅನ್ನುವುದೇ ಮುಖ್ಯ ಲೆಕ್ಕ. ತಗ್ಗಿಸಿದ ಮೇಲೆ, ಲೋಡು ಹಾಕಿಯೂ, ಅಲ್ಲಿ ಎರಡು ಇಂಚಾದರೂ ಉಳಿಯಬೇಕು ಅನ್ನುವುದು ನನ್ನ ಹಟ. ಅಷ್ಟಿಲ್ಲದಿದ್ದರೆ ಪ್ರತಿ ರಸ್ತೆ ಉಬ್ಬಿಗೂ ಆ್ಯಕ್ಸಲ್ ರಬ್ಬರಿಗೆ ಗುದ್ದಿ ಗಾಡಿಯ ಚೌಕಟ್ಟಾದ ಚಾಸಿಗೆ ಪೆಟ್ಟು ಬೀಳುತ್ತದೆ. ನಮ್ಮ ಕಡೆಯ ರಸ್ತೆಗೆ ಮುಂದೆ 40 ಮಿ.ಮೀ., ಹಿಂದೆ 50 ಮಿ.ಮೀ. ತಗ್ಗಿಸಿದರೆ ಸಾಕು. ಖಾಲಿ ಪಿಕಪ್ ಹೇಗೂ ಹಿಂದೆ ಎತ್ತರ ನಿಂತಿರುತ್ತದೆ, ಅದಕ್ಕೇ ಆ ಹತ್ತು ಹೆಚ್ಚು. ಲೋಡಿನಲ್ಲಿ ಮೂತಿ ಮೇಲೆದ್ದು ನಿಂತರೆ ಮಾತ್ರ ಅಷ್ಟು ತಗ್ಗಿಸಿದ್ದು ಅತಿಯಾಯಿತು.

ಹಿಂದಿನ ಲೀಫ್ ಸ್ಪ್ರಿಂಗಿನ, ಅಂದರೆ ಉಕ್ಕಿನ ಪ್ಲೇಟುಗಳ ಕಟ್ಟಿನ, ವಿಷಯದಲ್ಲಿ ಗ್ಯಾರೇಜಿನವರು ಸುಲಭದ ದಾರಿ ಹೇಳುತ್ತಾರೆ. "ಅಣ್ಣಾ, ಒಂದು ಪ್ಲೇಟು ತೆಗೆದ್ರೆ ಆಗೂದಿಲ್ವಾ?" ಅಂತ ಗಿರಾಕಿಗಳೂ ಕೇಳುತ್ತಾರೆ. ಗಾಡಿ ಇಳಿಯುವುದೇನೋ ಇಳಿಯುತ್ತದೆ. ಆದರೆ ಹೊರುವ ಶಕ್ತಿಯೂ ಇಳಿಯುತ್ತದೆ, ಉಳಿದ ಪ್ಲೇಟುಗಳು ಬೇಗ ಮುರಿಯುತ್ತವೆ, ಜೋರಾಗಿ ಆಕ್ಸಿಲೇಟರ್ ಒತ್ತಿದಾಗ ಆ್ಯಕ್ಸಲ್ ತಿರುಚಿಕೊಂಡು ಹಿಂಭಾಗ ಕುಪ್ಪಳಿಸುತ್ತದೆ. ಇನ್ನು ಸ್ಪ್ರಿಂಗಿಗೂ ಆ್ಯಕ್ಸಲಿಗೂ ನಡುವೆ ಬ್ಲಾಕ್, ಅಂದರೆ ಲೋಹದ ತುಂಡು, ಹಾಕುವ ಮಾತು. ಸ್ಪ್ರಿಂಗ್ ಆ್ಯಕ್ಸಲಿನ ಕೆಳಗಿರುವ ಗಾಡಿಗೆ ಬ್ಲಾಕ್ ಇಟ್ಟರೆ ತಗ್ಗುತ್ತದೆ. ಹೈಲಕ್ಸ್‌ನಂತೆ ಸ್ಪ್ರಿಂಗ್ ಆ್ಯಕ್ಸಲಿನ ಮೇಲಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಎತ್ತುತ್ತದೆ! ಅಂಥ ಗಾಡಿಯಲ್ಲಿ ಆ್ಯಕ್ಸಲನ್ನೇ ಸ್ಪ್ರಿಂಗಿನ ಮೇಲಕ್ಕೆ ತಂದು ಕೂರಿಸುವ ಫ್ಲಿಪ್ ಕಿಟ್ ಇದೆ. ಆ್ಯಕ್ಸಲ್ ಕೊಳವೆಯ ದಪ್ಪ ಮತ್ತು ಸ್ಪ್ರಿಂಗ್ ಕಟ್ಟಿನ ದಪ್ಪ ಸೇರಿ ಒಂದೇ ಸಲಕ್ಕೆ ಐದಾರು ಇಂಚು ಇಳಿಯುತ್ತದೆ, ಆ್ಯಕ್ಸಲ್‌ಗೆ ಜಾಗ ಸಾಲದೆ ಚಾಸಿ ಕತ್ತರಿಸಬೇಕಾಗುತ್ತದೆ. ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಕಂಪನಿ ಹೊರಲು ಹೇಳಿದಷ್ಟೇ ಭಾರ ಹೊರುವ, ಬಾಗು ಮಾತ್ರ ಕಡಿಮೆ ಇರುವ ಹೊಸ ಸ್ಪ್ರಿಂಗ್ ಕಟ್ಟು ಹಾಕಿಸಿ. ಸ್ಪ್ರಿಂಗನ್ನು ಆ್ಯಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಬೇಕು. ಒಮ್ಮೆ ಬಿಗಿದು ಎಳೆದ ಬೋಲ್ಟನ್ನು ಮತ್ತೆ ನಂಬಬೇಡಿ.

ಮುಂದಿನ ಕಾಯಿಲ್ ಸ್ಪ್ರಿಂಗನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸುವುದಂತೂ ಬೇಡವೇ ಬೇಡ. ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ತಗ್ಗಿನ ಸ್ಪ್ರಿಂಗ್, ಅದಕ್ಕೆ ಸರಿಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಿ. ಫೋರ್ ಬೈ ಫೋರ್ ಆದರೆ ಡ್ರೈವ್ ಶಾಫ್ಟಿನ ಕೋನ ಬದಲಾಗಿದೆಯೇ, ಅದರ ರಬ್ಬರ್ ಹೊದಿಕೆ (ಬೂಟು) ಎಲ್ಲಾದರೂ ಉಜ್ಜುತ್ತದೆಯೇ ಎಂದು ಎತ್ತಿ ನೋಡಿಸಿ. ತಗ್ಗಿಸಿದ ಕೂಡಲೇ ಚಕ್ರದ ಮೇಲ್ತುದಿ ಒಳಕ್ಕೆ ವಾಲಿ ಟೈರು ಒಳಬದಿಗೆ ಸವೆಯುತ್ತದೆ. ಈ ವಾಲಿಕೆ (ಕ್ಯಾಂಬರ್), ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು (ಟೋ), ಎರಡರ ಮೊದಲಿನ ಮತ್ತು ನಂತರದ ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಈಗ ಯಾರೂ ಹೇಳದ ಒಂದು ವಿಷಯ. ಕೆಲವು ಪಿಕಪ್‌ಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಗಾಡಿಯ ಕೆಳಗೆ ಮಲಗಿ ನೋಡಿ: ಚಾಸಿಗೆ ಬಿಗಿದ ಒಂದು ಪುಟ್ಟ ವಾಲ್ವ್, ಅದರಿಂದ ಆ್ಯಕ್ಸಲ್ ಕಡೆಗೆ ಹೋದ ತೆಳ್ಳನೆಯ ಕಡ್ಡಿ. ಲೋಡು ಬಿದ್ದು ಚಾಸಿ ಆ್ಯಕ್ಸಲಿಗೆ ಹತ್ತಿರವಾದಾಗ ಕಡ್ಡಿ ವಾಲ್ವನ್ನು ತೆರೆದು ಹಿಂದಕ್ಕೆ ಹೆಚ್ಚು ಬ್ರೇಕು ಕಳಿಸುತ್ತದೆ. ನೀವು ಎರಡಿಂಚು ತಗ್ಗಿಸಿದರೆ ಖಾಲಿ ಗಾಡಿಯನ್ನೂ ಅದು ಲೋಡಿನ ಗಾಡಿ ಎಂದೇ ತಿಳಿಯುತ್ತದೆ. ಮಳೆಗಾಲದಲ್ಲಿ ಶಿರಸಿಯಿಂದ ದೇವಿಮನೆ ಘಾಟಿ ಇಳಿಯುವಾಗ ಒದ್ದೆ ತಿರುವಿನಲ್ಲಿ ಬ್ರೇಕು ಒತ್ತಿದರೆ ಹಿಂದಿನ ಚಕ್ರ ಮೊದಲು ಕಚ್ಚಿ ನಿಂತು, ಹಿಂಭಾಗ ಹೊರಕ್ಕೆ ಜಾರುತ್ತದೆ. ತಗ್ಗಿಸಿದಷ್ಟಕ್ಕೆ ತಕ್ಕಂತೆ ಆ ಕಡ್ಡಿಯ ಬ್ರ್ಯಾಕೆಟ್ ಸರಿಸಿ, ಬ್ರೇಕು ಪರೀಕ್ಷಿಸಿಕೊಡುವ ಮೆಕ್ಯಾನಿಕ್ ಸಿಗುವವರೆಗೆ ಗಾಡಿ ತಗ್ಗಿಸಲೇಬೇಡಿ.

ಚಕ್ರಕ್ಕೆ ಬರೋಣ. ಸುತ್ತಳತೆ ಬದಲಾಗಬಾರದು. ಹೈಲಕ್ಸಿನ 265/60 ಆರ್18 (265 ಮಿ.ಮೀ. ಅಗಲ, ಅದರ ಶೇ. 60ರಷ್ಟು ಬದಿಯ ಎತ್ತರ, 18 ಇಂಚಿನ ರಿಮ್) ಟೈರಿನ ಒಟ್ಟು ಎತ್ತರ 775 ಮಿ.ಮೀ. 265/50 ಆರ್20 ಹಾಕಿದರೆ 773, ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರ್ 159 ಮಿ.ಮೀ. ಇದ್ದದ್ದು 132ಕ್ಕೆ ಇಳಿಯಿತು. 22 ಇಂಚಿಗೆ 265/40 ಹಾಕಿದರೆ 106 ಮಾತ್ರ. ಮಳೆನೀರು ತುಂಬಿ ಆಳ ಕಾಣದ ಗುಂಡಿಗೆ ಅಷ್ಟು ರಬ್ಬರ್ ಸಾಲದು, ರಿಮ್ ಸೀಳುತ್ತದೆ. ಕರಾವಳಿಗೆ 20ರ ಮೇಲೆ ಹೋಗಬೇಡಿ.

ಟೈರಿನ ಬದಿಯಲ್ಲಿ ಬರೆದ ಲೋಡ್ ಇಂಡೆಕ್ಸ್ ಓದಿ. 110 ಎಂದರೆ ಒಂದು ಟೈರು 1060 ಕೆ.ಜಿ. ಹೊರುತ್ತದೆ, 104 ಎಂದರೆ 900. ಹಳೆಯದಕ್ಕಿಂತ ಕಡಿಮೆ ಇರಬಾರದು. ರಿಮ್ಮನ್ನು ಮನೆಯ ಅಡಿಕೆ ತೂಗುವ ಕಾಟಾದ ಮೇಲಿಟ್ಟು ತೂಗಿ, ಕಂಪನಿ ರಿಮ್ಮನ್ನೂ ತೂಗಿ. ಹೊಸದು ಭಾರವಾದರೆ ಎಳೆತವೂ ಬ್ರೇಕೂ ಎರಡೂ ಮಂದ, ಪರ್ಫಾರ್ಮೆನ್ಸ್ ಅನ್ನುವ ಮಾತಿಗೆ ಅರ್ಥವಿಲ್ಲ. ಅಗಲದ ಲೆಕ್ಕ ಹೀಗೆ: ಏಳೂವರೆ ಇಂಚಿನ ರಿಮ್ ತೆಗೆದು ಒಂಬತ್ತು ಇಂಚಿನದು ಹಾಕಿದರೆ ಒಳಬದಿಗೂ ಹೊರಬದಿಗೂ ತಲಾ 19 ಮಿ.ಮೀ. ಬೆಳೆಯುತ್ತದೆ. ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ಅಂತರ) ಕೂಡ 20 ಮಿ.ಮೀ. ಕಡಿಮೆಯಾದರೆ ಹೊರಬದಿ 39 ಮಿ.ಮೀ. ಆಚೆ ಬರುತ್ತದೆ. ಬೇರಿಂಗಿಗೆ ಹೊರೆ, ಮಡ್‌ಗಾರ್ಡಿಗೆ ಉಜ್ಜು, ಬಾಗಿಲ ತುಂಬ ಕೆಸರು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಲೋಡು ಹಾಕಿ ನೋಡಿದ ಮೇಲೆಯೇ ದುಡ್ಡು ಕೊಡಿ.

ಕಡಲ ಬದಿಯವರು ಕ್ರೋಮ್ ರಿಮ್ ಬಿಡಿ. ಉಪ್ಪುಗಾಳಿಗೆ ಗುಳ್ಳೆ ಬಂದು ಸುಲಿಯುತ್ತದೆ. ತಿರುಗಿಸಿ ಎತ್ತರ ಬದಲಿಸುವ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಒಂದೇ ಜೋಡಣೆ) ಹಾಕಿದ್ದರೆ ಅದರ ತಿರುಪಿನ ಮರೆಯನ್ನು (ಥ್ರೆಡ್) ಮಳೆಗಾಲದ ಮೊದಲೂ ಆಮೇಲೂ ತೊಳೆದು ಗ್ರೀಸ್ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿದು ತಿರುಗುವುದೇ ಇಲ್ಲ.

ಕಾಗದದ ಕೆಲಸವನ್ನು ಕೊನೆಗೆ ಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕೆಎ-30 ಇರಲಿ ಕೆಎ-31 ಇರಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರೆದು ತಿಳಿಸಿ, ಆಮೇಲೆ ಸ್ಪ್ಯಾನರ್ ಹಿಡಿಸಿ. ಹಳದಿ ಬೋರ್ಡಿನ ಗಾಡಿ ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋಗಬೇಕಾದ್ದರಿಂದ ಅದಕ್ಕೆ ಈ ಮಾತು ಇನ್ನೂ ಹೆಚ್ಚು.

ಕೆಲಸ ಮುಗಿದ ದಿನ ಹೆಡ್‌ಲೈಟ್ ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆ ನೋಡಿ ಸರಿಮಾಡಿಸಿ. 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್, ವೀಲ್ ನಟ್ ಎರಡನ್ನೂ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ ಇನ್ನೂ ಸ್ವಲ್ಪ ಕೂತಿರುತ್ತದೆ.