ಅಲಸಂಡೆಗೊಂದು, ಪೇರಳೆಗಿನ್ನೊಂದು ಗುಲಗಂಜಿ ಹುಳು

ಕಾಸರಗೋಡಿನ ಹಿತ್ತಲಲ್ಲಿ ಕೀಟ ತಿಂದು ಉಪಕಾರ ಮಾಡುವ ಗುಲಗಂಜಿ ಹುಳುಗಳಲ್ಲಿ ಎರಡರ ಗುರುತು ಸಿಕ್ಕಿದರೆ ಎಷ್ಟೋ ಸಿಂಪಡಣೆ ತಪ್ಪುತ್ತದೆ. ಒಂದು ತಾನಾಗಿ ಬರುವಂಥದ್ದು, ಇನ್ನೊಂದನ್ನು ತಂದು ಬಿಡಬೇಕು.

ಮೊದಲು ಪೀಡೆ ಯಾವುದೆಂದು ನೋಡಿ. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದ್ದರೆ ಅಲ್ಲಿಗೆ ಬರುವುದು ಚೀಲೊಮೆನಿಸ್ ಸೆಕ್ಸ್‌ಮ್ಯಾಕುಲೇಟ. ಉದ್ದ ಸುಮಾರು 5 ಮಿ.ಮೀ., ಹೊಳೆಯುವ ಹಳದಿ ಇಲ್ಲವೇ ಕಿತ್ತಳೆ ಬೆನ್ನು, ಮೇಲೆ ಅಂಕುಡೊಂಕು ಕಪ್ಪು ಗೆರೆ. ಮರಿ ಪುಟ್ಟ ಮೊಸಳೆಯಂತೆ ಉದ್ದಕ್ಕೆ, ಕಪ್ಪುಬೂದು ಬಣ್ಣದಲ್ಲಿರುತ್ತದೆ. ದುಡ್ಡು ಕೊಟ್ಟು ತರಬೇಕಿಲ್ಲ, ವಿಷ ಹೊಡೆಯದಿದ್ದರೆ ಸಾಕು. ಬದನೆ, ಹಾಗಲದ ಎಲೆ ಕೆರೆದು ತಿನ್ನುವ ಎಪಿಲಾಕ್ನ ಇದರ ನೆಂಟನೇ, ಆದರೆ ಶತ್ರು: ಮಂಕು ಬೆನ್ನು, ಸಣ್ಣ ರೋಮ, ತುಂಬ ಚುಕ್ಕೆ, ಮರಿಗೆ ಮೈಯೆಲ್ಲ ಮುಳ್ಳು. ಅದನ್ನು ಹೆಕ್ಕಿ ತೆಗೆಯಿರಿ.

ಪೇರಳೆ, ದಾಸವಾಳಗಳಲ್ಲಿ ಹತ್ತಿಯಂಥ ಹಿಟ್ಟುತಿಗಣೆ ಇದ್ದರೆ ಬೇಕಾಗುವುದು ಕ್ರಿಪ್ಟೋಲೀಮಸ್. ಆಸ್ಟ್ರೇಲಿಯಾ ಮೂಲದ ಇದನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ಉದ್ದ ಸುಮಾರು 4 ಮಿ.ಮೀ., ಕಪ್ಪು ರೆಕ್ಕೆ, ಕಿತ್ತಳೆ ತಲೆ. ತಿಗಣೆಯ ಹತ್ತಿಯಂಥ ಮೊಟ್ಟೆಚೀಲದಲ್ಲೇ ಮೊಟ್ಟೆ ಇಡುವುದರಿಂದ ಅಲಸಂಡೆಯ ಹೇನಿಗೆಂದು ಇದನ್ನು ಬಿಟ್ಟರೆ ಸಂತತಿ ಬೆಳೆಯದು.

ಹೆಚ್ಚಿನವರು ಎಡವುವುದು ಇದರ ಮರಿಯಲ್ಲಿ. ಮೈತುಂಬ ಬಿಳಿ ಮೇಣದ ಎಳೆ, ನೋಡಿದರೆ ದೊಡ್ಡ ಹಿಟ್ಟುತಿಗಣೆಯೇ. ಹಾಗಾಗಿ ಹೊಸಕಿ ಹಾಕುತ್ತಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ಮರಿ ಚುರುಕಾಗಿ ಓಡುತ್ತದೆ, ತಿಗಣೆ ಹೆಚ್ಚುಕಡಿಮೆ ಕೂತಲ್ಲೇ ಇರುತ್ತದೆ. ಅಳತೆಯೂ ಹೇಳುತ್ತದೆ. ತಿಗಣೆ 3-4 ಮಿ.ಮೀ., ಬಲಿತ ಮರಿ ಒಂದು ಸೆಂಟಿಮೀಟರ್ ದಾಟುತ್ತದೆ.

ಬಿಡುವ ಮೊದಲು ಇರುವೆ ತಡೆಯಿರಿ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರವಾಗಿ ಬೇಡ. ಗೋಡೆಗೋ ಪಕ್ಕದ ಮರಕ್ಕೋ ತಾಗುವ ಗೆಲ್ಲುಗಳನ್ನು ಕಡಿಯದಿದ್ದರೆ ಇರುವೆ ಆ ದಾರಿಯಲ್ಲಿ ಬರುತ್ತದೆ. ವಿಷ ಸಿಂಪಡಿಸಿದ್ದರೆ ಎರಡು-ಮೂರು ವಾರ ಕಾಯಿರಿ.

ಸಂಜೆ ತಂಪಿನಲ್ಲಿ, ಮೊಟ್ಟೆಚೀಲ ಇರುವ ಕವಲುಗಳಲ್ಲೇ, ಗಿಡದ ಗಾತ್ರ ನೋಡಿ 10ರಿಂದ 20 ಹುಳು ಬಿಡಿ. ಜೋರು ಮಳೆಗಾಲ ಬೇಡ. ಸಾಬೂನು ನೀರನ್ನೂ ಹೊಡೆಯಬೇಡಿ, ಮರಿಗಳು ಸಾಯುತ್ತವೆ. ಮೊಟ್ಟೆಯಿಂದ ಹುಳುವಾಗಲು ಸುಮಾರು ಒಂದು ತಿಂಗಳು ಬೇಕು, ವಾರದೊಳಗೆ ಫಲ ಕಾಣದೆಂದು ಔಷಧಿ ಡಬ್ಬಿ ಹುಡುಕಬೇಡಿ. ತಿಗಣೆ ಮುಗಿದರೆ ಹುಳುವೂ ಹಾರಿಹೋಗುತ್ತದೆ. ಮುಂದಿನ ಬೇಸಿಗೆಗೆ ತಿಗಣೆ ಮರಳಿದರೆ ಹುಳುವನ್ನು ಮತ್ತೆ ತಂದು ಬಿಡಬೇಕಾದೀತು.