ಕಿಡ್ನಿ ಕಸಿಯ ನಂತರದ ರಕ್ತಹೀನತೆ: ಡೋಸ್ ಹೊಂದಿಸುವ ಬಗೆ

ಡಾರ್ಬೆಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಇಂಜೆಕ್ಷನ್) ಬರೆಯುವ ಮೊದಲು ಕಬ್ಬಿಣದ ಲೆಕ್ಕ ನೋಡಿ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೊಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಶೇ. 20ಕ್ಕಿಂತ ಕಡಿಮೆಯಿದ್ದರೆ ಇಂಜೆಕ್ಷನ್ ಎಷ್ಟು ಕೊಟ್ಟರೂ ಹಿಮೋಗ್ಲೋಬಿನ್ ಏರುವುದು ಕಷ್ಟ; ಮೊದಲು ಕಬ್ಬಿಣ ತುಂಬಿಸಿ. ಕಸಿಯ ನಂತರ ಕೊಡುವ ಮೈಕೋಫಿನೊಲೇಟ್ (ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಔಷಧ), ವ್ಯಾಲ್‌ಗ್ಯಾನ್ಸಿಕ್ಲೋವಿರ್ (ವೈರಸ್ ನಿರೋಧಕ), ಕೋಟ್ರೈಮಾಕ್ಸಜೋಲ್ (ಸೋಂಕು ತಡೆಯುವ ಔಷಧ) ಮೂರೂ ರಕ್ತಕಣ ತಯಾರಾಗುವ ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲವು. ಹಾಗೆಂದು ರೋಗಿ ತಾನಾಗಿ ಮಾತ್ರೆ ನಿಲ್ಲಿಸಕೂಡದು, ಕಸಿ ಮಾಡಿದ ಕಿಡ್ನಿಯೇ ಕೈತಪ್ಪೀತು.

ಡಯಾಲಿಸಿಸ್‌ನಲ್ಲಿಲ್ಲದವರಿಗೆ ಡಾರ್ಬೆಪೊಯೆಟಿನ್ ಸಾಮಾನ್ಯ ಆರಂಭ ಕೆ.ಜಿ.ಗೆ 0.45 ಮೈಕ್ರೋಗ್ರಾಂ, 4 ವಾರಕ್ಕೊಮ್ಮೆ, ಚರ್ಮದಡಿ, 60 ಕೆ.ಜಿ. ತೂಕಕ್ಕೆ 27 ಮೈಕ್ರೋಗ್ರಾಂ. ಏರಿಸಲು 4 ವಾರ ಕಾಯಿರಿ, ಅದೂ ಶೇ. 25ರಷ್ಟೇ. ಆತುರ ಇಲ್ಲೇ ಕೆಡಿಸುತ್ತದೆ: ಹೊಸ ರಕ್ತಕಣ ಕಾಣಿಸಿಕೊಳ್ಳಲು ವಾರಗಳೇ ಬೇಕು. 2 ವಾರದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 1 ಗ್ರಾಂಗಿಂತ ಹೆಚ್ಚು ಏರಿದರೆ ಡೋಸ್ ಶೇ. 25 ಇಳಿಸಿ. ಹಿಮೋಗ್ಲೋಬಿನ್ ಸಾಮಾನ್ಯವಾಗಿ 11.5 ಗ್ರಾಂ ದಾಟಿಸಬೇಡಿ, ಪಾರ್ಶ್ವವಾಯುವಿನ ಅಪಾಯವಿದೆ. ಬಿಪಿ ಪ್ರತಿ ಭೇಟಿಯಲ್ಲೂ ನೋಡಿ.

ಡೋಸ್ ಸರಿಯಿದ್ದೂ ಏರದಿದ್ದರೆ ಪಾರ್ವೊವೈರಸ್ ಬಿ19 (ರಕ್ತಕಣ ತಯಾರಿಕೆ ತಡೆಯುವ ವೈರಸ್) ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಿಸಿ. ರಕ್ತ ಕೊಡುವುದು ಅನಿವಾರ್ಯವಾದಾಗ ಮಾತ್ರ. ಅದು ಕಸಿಗೆ ವಿರುದ್ಧವಾದ ಪ್ರತಿಕಾಯಗಳನ್ನು ಹುಟ್ಟಿಸಬಹುದು.