ಪಾವಿನ ಲೆಕ್ಕ ಗ್ರಾಂಗೆ ಬದಲಾಯಿಸೋದು ಹೇಗೆ?

ತುಮಕೂರು ಕಡೆ ಯಾರನ್ನಾದರೂ ತಟ್ಟೆ ಇಡ್ಲಿ ಅಳತೆ ಕೇಳಿ ನೋಡಿ, ಹಿರಿಯರಾದರೆ ಉತ್ತರ ಪಾವಿನಲ್ಲೇ ಬರುತ್ತದೆ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಮೇಲೊಂದು ಹಿಡಿ ಅವಲಕ್ಕಿ. ಯೂಟ್ಯೂಬ್‌ನವರು ಗ್ರಾಂ ಅಂತಾರೆ, ಕೇಕ್ ಮಾಡುವವರು ಕಪ್ ಅಂತಾರೆ. ಇವನ್ನೆಲ್ಲ ಹೊಂದಿಸೋದು ಕಷ್ಟವೇನಲ್ಲ. ಆದರೆ ಇಂಟರ್ನೆಟ್ ಪಟ್ಟಿಯನ್ನು ಸುಮ್ನೆ ನಂಬಬೇಡಿ, ಅಲ್ಲಿಯ ಕಪ್ ಹೆಚ್ಚಾಗಿ 240 ಮಿಲೀದು, ನಿಮ್ಮ ಪಾವಿನದ್ದು ಬೇರೆಯೇ ಇರಬಹುದು.

ಮೊದಲು ಪಾವನ್ನೇ ಅಳೆಯಿರಿ. ಖಾಲಿ ಪಾವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ನೀರು ಎಷ್ಟು ಗ್ರಾಂ ತೂಗುತ್ತದೋ ಪಾವು ಅಷ್ಟೇ ಮಿಲೀ ಹಿಡಿಯುತ್ತದೆ.

ಆಮೇಲೆ ಪಾವನ್ನು ಚೆನ್ನಾಗಿ ಒರೆಸಿ, ಒಂದೊಂದೇ ಸಾಮಾನು ತುಂಬಿ ತೂಗಿ. ಅಂದಾಜಿಗೆ ಹೇಳೋದಾದರೆ 100 ಮಿಲೀ ಜಾಗದಲ್ಲಿ ಅಕ್ಕಿ, ಬೇಳೆ, ಸಕ್ಕರೆ 80ರಿಂದ 85 ಗ್ರಾಂ ಕೂರುತ್ತವೆ. ರವೆ 70ರ ಆಸುಪಾಸು. ಮೈದಾ, ರಾಗಿ ಹಿಟ್ಟು 50ರಿಂದ 60. ಕಡಲೆಹಿಟ್ಟು ಇನ್ನೂ ಹಗುರ.

ತಲೆನೋವು ಇರೋದು ಹಿಟ್ಟಿನಲ್ಲೇ. ಕಾಳು ಹೇಗೆ ಸುರಿದರೂ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ, ಹಿಟ್ಟು ಹಾಗಲ್ಲ. ಗಿರಣಿಯಿಂದ ಆಗಷ್ಟೇ ತಂದ ರಾಗಿ ಹಿಟ್ಟು ಉಬ್ಬಿಕೊಂಡಿರುತ್ತದೆ, ವಾರವಿಡೀ ಡಬ್ಬದಲ್ಲಿದ್ದದ್ದು ಕುಸಿದು ಗಟ್ಟಿಯಾಗಿರುತ್ತದೆ, ಅದರ ಮೇಲೆ ನೀವು ಪಾವನ್ನು ಡಬ್ಬಕ್ಕೆ ಅದುಮಿ ತೆಗೆದರೆ ತೂಕ ಇನ್ನೂ ಜಾಸ್ತಿ. 240 ಮಿಲೀ ಕಪ್ಪಿನಲ್ಲಿ ಮೈದಾವನ್ನು ಚಮಚದಿಂದ ಉದುರಿಸಿ ತುಂಬಿದರೆ ಸುಮಾರು 120 ಗ್ರಾಂ, ಅದುಮಿದರೆ 150 ದಾಟಬಹುದು. ಕೇಕ್ ಗಟ್ಟಿಯಾಗೋಕೆ ಇಷ್ಟು ಸಾಕು. ಹಾಗಾಗಿ ಹಿಟ್ಟನ್ನು ಸಡಿಲ ಮಾಡಿ, ಉದುರಿಸಿ ತುಂಬಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸಮ ಮಾಡಿ, ಆಮೇಲೆ ತೂಗಿ. ಮುದ್ದೆಗೆ ಮಾತ್ರ ಇಷ್ಟೆಲ್ಲ ಯಾಕೆ ಬೇಕು, ಕೋಲು ಹಿಡಿದ ಕೈಗೇ ಗೊತ್ತಾಗುತ್ತದೆ!

ತಕ್ಕಡಿ ಇಲ್ವಾ? ಅಂಗಡಿಯ 1 ಕೆಜಿ ಪ್ಯಾಕೆಟ್ ಒಡೆದು ಎಷ್ಟು ಪಾವು ಆಗುತ್ತದೆ ಎಣಿಸಿ, 1000ವನ್ನು ಅದರಿಂದ ಭಾಗಿಸಿ. ಐದು ಪಾವು ಅಕ್ಕಿ ಬಂದರೆ ಪಾವಿಗೆ 200 ಗ್ರಾಂ. ಈಗ ರೆಸಿಪಿ ಅರ್ಧ ಕೆಜಿ ಅಕ್ಕಿ ಕೇಳಿದರೆ ಎರಡೂವರೆ ಪಾವು ಹಾಕಿ. ಬಂದ ಲೆಕ್ಕವನ್ನು ಆಯಾ ಡಬ್ಬದ ಮುಚ್ಚಳದ ಮೇಲೇ ಬರೆದಿಡಿ. ಇದೆಲ್ಲ ಒಣ ಸಾಮಾನಿನ ಲೆಕ್ಕ, ಅಕ್ಕಿ ಬೇಳೆ ನೆನೆದ ಮೇಲೆ ತೂಗಿದರೆ ನೀರಿನ ತೂಕವೂ ಸೇರಿಬಿಡುತ್ತದೆ.

ಉಪ್ಪು, ಸೋಡಾದಂಥವಕ್ಕೆ ಚಮಚವೇ ವಾಸಿ, ಒಂದೆರಡು ಗ್ರಾಂ ಅಂದರೆ ಮನೆ ತಕ್ಕಡಿಗೆ ಸರಿಯಾಗಿ ಸಿಗೋದಿಲ್ಲ. ಪುಡಿ ಉಪ್ಪು ಟೀ ಚಮಚಕ್ಕೆ ಸುಮಾರು 6 ಗ್ರಾಂ. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಉಳಿಯುವುದರಿಂದ ಅದೇ ಚಮಚದಲ್ಲಿ ಕಡಿಮೆ ಹಿಡಿಯುತ್ತದೆ, ಬದಲಿಗೆ ಹಾಕುವಾಗ ರುಚಿ ನೋಡಿ ಸ್ವಲ್ಪ ಸೇರಿಸಿಕೊಳ್ಳಿ.